ಏರ್‌ಪೋರ್ಟಿನಲ್ಲಿ ಕಾಯೋರಿಗೆ ಜಾಗ ಎಲ್ಲಿ?

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ಹೊರಡುವುದೇ ಮಧ್ಯರಾತ್ರಿ ದಾಟಿದ ಮೇಲೆ. ಆ ಹೊತ್ತಿನಲ್ಲಿ ಗೇಟುಗಳ ಹತ್ತಿರ ಸುಮ್ನೆ ಒಂದು ಸುತ್ತು ಹಾಕಿ. ಜನ ಮಲಗೋಕೆ ಏನೇನು ಸರ್ಕಸ್ ಮಾಡುತ್ತಾರೆ ಅಂತ ಗೊತ್ತಾಗುತ್ತದೆ. ಒಬ್ಬರು ಕುರ್ಚಿಯ ಕೈ ಕೆಳಗೆ ಕಾಲು ತೂರಿಸಿಕೊಂಡು, ಸೊಂಟ ಒಂದು ಕುರ್ಚಿಯಲ್ಲಿ, ತಲೆ ಮೂರನೇ ಕುರ್ಚಿಯಲ್ಲಿ ಇಟ್ಟು ಬಿಲ್ಲಿನ ಹಾಗೆ ಬಾಗಿರುತ್ತಾರೆ. ಇನ್ನೊಬ್ಬರು ಅದರ ಸಹವಾಸವೇ ಬೇಡ ಅಂತ ಕಂಬದ ಹಿಂದೆ ಶಾಲು ಹಾಸಿ, ಬ್ಯಾಗನ್ನು ದಿಂಬು ಮಾಡಿಕೊಂಡು, ಚಪ್ಪಲಿ ತಲೆಯ ಪಕ್ಕ ಜೋಡಿಸಿ ನೆಲದ ಮೇಲೇ ಮಲಗಿರುತ್ತಾರೆ. ನನಗೆ ಎರಡನೆಯವರೇ ಬುದ್ಧಿವಂತರು ಅನ್ನಿಸುತ್ತದೆ.

ಎರಡು ಕುರ್ಚಿಗಳ ಮಧ್ಯೆ ಇರುವ ಆ ಕೈ ಸುಮ್ನೆ ಬಂದದ್ದಲ್ಲ. ಈಗ ಪ್ರಪಂಚದಲ್ಲೆಲ್ಲ ಕಾಣುವ ಸಾಲು ಕುರ್ಚಿಯ ಧಾಟಿಗೆ ಒಂದು ದೊಡ್ಡ ಮೂಲ ಅಮೆರಿಕದಲ್ಲಿದೆ. 1962ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ವಿನ್ಯಾಸಕ ದಂಪತಿ ಶಿಕಾಗೋದ ಒ'ಹೇರ್ ಮತ್ತು ವಾಷಿಂಗ್ಟನ್ನಿನ ಡಲೆಸ್ ಏರ್‌ಪೋರ್ಟ್‌ಗಳಿಗೆ ಅಂತ ಒಂದು ಕುರ್ಚಿ ಮಾಡಿಕೊಟ್ಟರು. ಉದ್ದಕ್ಕೆ ಒಂದೇ ತೊಲೆ, ಅದಕ್ಕೆ ಅಲ್ಯೂಮಿನಿಯಂ ಚೌಕಟ್ಟು, ಮಧ್ಯೆ ಜೋಲಿಯ ಹಾಗೆ ಎಳೆದು ಕಟ್ಟಿದ ಕಪ್ಪು ಹಾಸು. ಒಂದು ಹಾಸು ಹರಿದರೆ ಅದನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು. ಕಾಲುಗಳು ಕಡಿಮೆ, ಹಾಗಾಗಿ ಕೆಳಗೆ ಗುಡಿಸಿ ಒರೆಸೋಕೆ ಸಲೀಸು. ನಿಜಕ್ಕೂ ಒಳ್ಳೆಯ ಕುರ್ಚಿ, ಕೂತು ನೋಡಿದವರಿಗೆ ಗೊತ್ತು. ಕಟ್ಟಡದ ಮಾಲೀಕ, ಕಸ ಗುಡಿಸುವವರು, ಒಂದು ಗಂಟೆ ಕೂರುವವರು, ಮೂವರನ್ನೂ ನೆನೆಸಿಕೊಂಡು ಮಾಡಿದ್ದಾರೆ. ರಾತ್ರಿಯಿಡೀ ಅಲ್ಲೇ ಇರಬೇಕಾದವರು ಮಾತ್ರ ಆ ಲೆಕ್ಕದಲ್ಲಿ ಇಲ್ಲ.

ಲೆಕ್ಕ ಅಂದೆ ಅಲ್ವಾ, ಅದೂ ಇದೆ. ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ, ಏರ್‌ಪೋರ್ಟ್ ಕಟ್ಟುವವರಿಗೆ ಅಂತ ಒಂದು ಮಾರ್ಗಸೂಚಿ ಇಟ್ಟಿದೆ. ಗೇಟಿನ ಹತ್ತಿರ ಕೂತವರಿಗೆ ತಲೆಗೆ ಇಷ್ಟು ಚದರ ಮೀಟರ್, ನಿಂತವರಿಗೆ ಅದಕ್ಕಿಂತ ಕಡಿಮೆ ಇದ್ದರೆ ಸಾಕು ಅಂತ ಅದರ ಅಂದಾಜು. ಅಂದರೆ ಒಂದಷ್ಟು ಜನ ನಿಂತೇ ಇರುತ್ತಾರೆ ಅನ್ನೋದು ನಕ್ಷೆ ಹಾಕುವಾಗಲೇ ತೀರ್ಮಾನ ಆಗಿರುತ್ತದೆ. ವಿಮಾನ ಸರಿಯಾದ ಹೊತ್ತಿಗೆ ಹೊರಟರೆ ಇದರಲ್ಲಿ ತಪ್ಪೇನಿಲ್ಲ, ಎಲ್ಲರೂ ಕೂರೋದೂ ಇಲ್ಲ, ಬೋರ್ಡಿಂಗ್ ಶುರುವಾಗುವ ಅರ್ಧ ಗಂಟೆ ಮೊದಲೇ ಎದ್ದು ಸಾಲು ಕಟ್ಟುವುದು ನಮಗೆ ರಕ್ತದಲ್ಲೇ ಬಂದಿದೆ. ಆದರೆ ಚಳಿಗಾಲದ ಬೆಳಗ್ಗೆ ಬೆಂಗಳೂರಿನ ಏರ್‌ಪೋರ್ಟ್ ಇರುವ ದೇವನಹಳ್ಳಿಯಲ್ಲಿ ಮಂಜು ಕವಿದು, ನಾಲ್ಕು ವಿಮಾನದ ಜನ ಒಂದೇ ಕಡೆ ಸೇರಿದರೆ ಆ ಚದರ ಮೀಟರ್ ಲೆಕ್ಕ ಎಲ್ಲಿ ಹೋಗುತ್ತದೋ.

ಈಗ ನಮ್ಮ ಬೆಂಗಳೂರಿನ ಎರಡನೇ ಟರ್ಮಿನಲ್ ವಿಷಯಕ್ಕೆ ಬರೋಣ. ಅದನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನವೆಂಬರ್ 2022ರಲ್ಲಿ ಉದ್ಘಾಟನೆ, ಜನವರಿ 2023ರಿಂದ ದೇಶದೊಳಗಿನ ವಿಮಾನಗಳು, ಅದೇ ವರ್ಷ ಸೆಪ್ಟೆಂಬರ್‌ನಿಂದ ಹೊರದೇಶದವು. ಮೊದಲ ಹಂತವೇ 2.55 ಲಕ್ಷ ಚದರ ಮೀಟರ್, ವರ್ಷಕ್ಕೆ 2.5 ಕೋಟಿ ಜನಕ್ಕೆ ಅಂತ ಕಟ್ಟಿದ್ದು. ವಿನ್ಯಾಸ ಅಮೆರಿಕದ ಎಸ್‌ಒಎಂ ಸಂಸ್ಥೆಯದು. ಚಾವಣಿ ಪೂರ್ತಿ ಸಂಸ್ಕರಿಸಿದ ಬಿದಿರು, ಮೇಲಿನಿಂದ ಇಳಿಬಿದ್ದ ಗಿಡಗಳು, ಮುಖ್ಯ ಕಟ್ಟಡ ದಾಟಿ ಗೇಟುಗಳ ಕಡೆ ಹೋಗುವಾಗ ಮಧ್ಯೆ ಬಯಲಿನಲ್ಲಿ ಒಂದು ಪಟ್ಟಿ ಕಾಡು. 2023ರಲ್ಲಿ ಕಟ್ಟಡಗಳ ವಿನ್ಯಾಸಕ್ಕೆ ಕೊಡುವ ಪ್ರಿ ವರ್ಸಾಯ್ ಪ್ರಶಸ್ತಿಗಳಲ್ಲಿ ಒಳಾಂಗಣಕ್ಕೆ ವಿಶೇಷ ಬಹುಮಾನವೂ ಬಂತು. ಬರಲಿ ಬಿಡಿ, ಬರಬೇಕಾದ್ದೇ. ಸುಮಾರು ಏರ್‌ಪೋರ್ಟ್‌ಗಳಲ್ಲಿ ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಅಂತಲೂ ತಿಳಿಯುವುದಿಲ್ಲ, ಇಲ್ಲಿ ಎಲೆ ಅಲ್ಲಾಡುವುದು ಕಾಣುತ್ತದೆ. ಕಾಯುವವರಿಗೆ ಇದು ಸಣ್ಣ ಉಪಕಾರವಲ್ಲ. ಕಣ್ಣು ಮೊಬೈಲಿನಿಂದ ಮೇಲೆದ್ದರೆ ಹೋಗಿ ನಿಲ್ಲೋಕೆ ಒಂದು ಜಾಗ ಬೇಕು.

ಆದರೆ ಫೋಟೋ ತೆಗೆಯೋದು ಹತ್ತು ನಿಮಿಷದ ಕೆಲಸ. ಆಮೇಲೆ?

ಬೆಂಗಳೂರಿನವರು ಏರ್‌ಪೋರ್ಟಿನಲ್ಲಿ ಇಷ್ಟು ಹೊತ್ತು ಕಾಯೋದಕ್ಕೆ ಕಾರಣ ಏರ್‌ಪೋರ್ಟ್ ಅಲ್ಲವೇ ಅಲ್ಲ, ದಾರಿಯಲ್ಲಿ ಸಿಗುವ ಹೆಬ್ಬಾಳದ ಟ್ರಾಫಿಕ್. 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನ ಹಳೇ ಏರ್‌ಪೋರ್ಟಿನಿಂದ ದೇವನಹಳ್ಳಿಗೆ ವಿಮಾನಗಳು ಹೋದಾಗಿನಿಂದ ಪ್ರತಿ ಮನೆಯಲ್ಲೂ ಅದೇ ಚರ್ಚೆ: ಎಷ್ಟು ಗಂಟೆಗೆ ಹೊರಡೋದು? ಜಯನಗರದಿಂದ ಒಂದು ದಿನ ಒಂದು ಗಂಟೆ, ಇನ್ನೊಂದು ದಿನ ಮೂರು ಗಂಟೆ. ಮಳೆ ಬಂದರೆ ದೇವರೇ ಗತಿ. ಯಾವ ದಿನ ಯಾವುದು ಅಂತ ಗೊತ್ತಿಲ್ಲದ ಮೇಲೆ ಎಲ್ಲರೂ ಮೂರು ಗಂಟೆಯನ್ನೇ ಹಿಡಿಯುತ್ತಾರೆ. ರಸ್ತೆ ಖಾಲಿ ಇದ್ದ ದಿನ ಉಳಿದ ಆ ಎರಡು ಗಂಟೆಯನ್ನು ಟರ್ಮಿನಲ್‌ನಲ್ಲಿ ಕಳೆಯಬೇಕು. ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ಹತ್ತಿದರೂ ಅದೇ ಹೆಬ್ಬಾಳ ದಾಟಬೇಕು. ಆ ದಾರಿಯ ಮೆಟ್ರೋ ಓಡಲು ಶುರುವಾದರೆ ನಮ್ಮ ಕಾಯುವಿಕೆ ಅರ್ಧ ಆಗುತ್ತದೆ ಅನ್ನೋದು ನನ್ನ ಅಂದಾಜು. ಟರ್ಮಿನಲ್ ಒಳಗೆ ಒಂದು ಕುರ್ಚಿಯನ್ನೂ ಅಲ್ಲಾಡಿಸದೆ.

ಆ ಎರಡು ಗಂಟೆ ನಮಗೆ ಹೊರೆ, ಅಂಗಡಿಯವರಿಗೆ ಸುಗ್ಗಿ. ಸೆಕ್ಯುರಿಟಿ ಮುಗಿಸಿ, ಬೆಲ್ಟು ಮತ್ತೆ ಹಾಕಿಕೊಂಡು, ಉಸ್ಸಪ್ಪಾ ಅಂತ ಹೊರಬಂದ ತಕ್ಷಣ ದಾರಿ ನೇರವಾಗಿ ಗೇಟಿಗೆ ಹೋಗುವುದಿಲ್ಲ. ಸೆಂಟು, ಚಾಕೊಲೇಟು, ಬಾಟಲಿಗಳ ಮಧ್ಯೆ ಬಳಸಿಕೊಂಡು ಹೋಗುತ್ತದೆ. ಇದು ಬೆಂಗಳೂರಿನದೇ ಅಂತಲ್ಲ, ಪ್ರಪಂಚದಾದ್ಯಂತ ಹೀಗೆ. ಲಂಡನ್ನಿನಂಥ ಕಡೆ ಗೇಟ್ ನಂಬರನ್ನು ಕೊನೆ ಗಳಿಗೆವರೆಗೂ ಹೇಳುವುದಿಲ್ಲ, ಅಲ್ಲಿವರೆಗೆ ನೀವು ಅಂಗಡಿಗಳ ನಡುವೆ ಬೋರ್ಡ್ ನೋಡುತ್ತಾ ಅಡ್ಡಾಡುತ್ತಿರಬೇಕು.

ಇದರ ಹಿಂದೆ ಒಂದು ಹಣದ ಲೆಕ್ಕ ಇದೆ, ಅದು ಗೊತ್ತಾದ ಮೇಲೆ ನನಗೆ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ, ಅಂಗಡಿ ಬಾಡಿಗೆ, ಪಾರ್ಕಿಂಗ್, ಜಾಹೀರಾತು ಇಂಥವುಗಳಿಂದ ಬರುವ ಆದಾಯದಲ್ಲಿ 30% ಭಾಗವನ್ನು ವಿಮಾನ ಕಂಪನಿ ಮತ್ತು ಪ್ರಯಾಣಿಕರ ಮೇಲೆ ಹಾಕುವ ಶುಲ್ಕ ತಗ್ಗಿಸುವ ಲೆಕ್ಕಕ್ಕೆ ಹಿಡಿಯಬೇಕು. ಶುಲ್ಕ ನಿಗದಿ ಮಾಡುವ ಪ್ರಾಧಿಕಾರವೂ ಹಾಗೇ ಲೆಕ್ಕ ಹಾಕುತ್ತದೆ. ಅಂದರೆ ಯಾರೋ ಕೊಂಡ ಸೆಂಟಿನ ಬಾಟಲಿಯಿಂದ ನನ್ನ ಟಿಕೆಟ್ಟಿನ ಬಳಕೆದಾರರ ಶುಲ್ಕ ಒಂದು ಚೂರು ಕಡಿಮೆ ಆಗುತ್ತದೆ. ಸರಿ. ಆದರೆ ಉಳಿದ 70% ನಡೆಸುವವರ ಕೈಗೆ. ಹಾಗಾಗಿ ಒಂದು ಚದರ ಮೀಟರ್ ಜಾಗದಲ್ಲಿ ಬೆಂಚು ಹಾಕೋದಾ, ಅಂಗಡಿ ಇಡೋದಾ ಅನ್ನುವ ಪ್ರಶ್ನೆ ಬಂದಾಗ ಉತ್ತರ ಯಾವ ಕಡೆ ವಾಲುತ್ತದೆ ಅಂತ ಬಿಡಿಸಿ ಹೇಳಬೇಕಾ? ಬೆಂಚು ಬಾಡಿಗೆ ಕೊಡುವುದಿಲ್ಲ.

ಇಲ್ಲಿವರೆಗೆ ಒಳಗಿನವರ ಕಥೆ ಆಯಿತು. ನನಗೆ ಹೆಚ್ಚು ಹೊಟ್ಟೆ ಉರಿಯೋದು ಹೊರಗಿನವರ ವಿಷಯದಲ್ಲಿ.

ನಮ್ಮಲ್ಲಿ ಒಬ್ಬರು ವಿಮಾನ ಹತ್ತಿದರೆ ಆರು ಜನ ಕಳಿಸೋಕೆ ಬರುತ್ತಾರೆ. ಹಾಸನದಿಂದಲೋ ಮಂಡ್ಯದಿಂದಲೋ ಟೆಂಪೋ ಟ್ರಾವೆಲರ್ ಮಾಡಿಕೊಂಡು, ಪುಳಿಯೋಗರೆ ಕಟ್ಟಿಕೊಂಡು, ಅಜ್ಜಿ ಮೊಮ್ಮಕ್ಕಳ ಸಮೇತ. ಆದರೆ ನಮ್ಮ ದೇಶದಲ್ಲಿ ಟಿಕೆಟ್ ಇಲ್ಲದವರಿಗೆ ಬಾಗಿಲಲ್ಲೇ ತಡೆ. 1999ರ ಡಿಸೆಂಬರ್‌ನಲ್ಲಿ ಕಂದಹಾರ್ ವಿಮಾನ ಅಪಹರಣ ಆಯಿತು, ಮರುವರ್ಷದಿಂದ ಏರ್‌ಪೋರ್ಟ್‌ಗಳ ಕಾವಲು ಒಂದೊಂದಾಗಿ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಬಂತು, ಬಾಗಿಲು ಬಿಗಿಯಾಯಿತು. ಕಾರಣ ಗಟ್ಟಿಯಾದದ್ದೇ, ಅದನ್ನು ನಾನು ಪ್ರಶ್ನೆ ಮಾಡುವುದಿಲ್ಲ. ನನ್ನ ತಕರಾರು ಬೇರೆ. ಆರು ಜನ ಬಂದೇ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಿದ್ದೂ ಅವರಿಗೆ ಅಂತ ಜಾಗ ಯಾಕೆ ಮಾಡುವುದಿಲ್ಲ? ನಕ್ಷೆಯಲ್ಲಿ ಆ ಜಾಗದ ಹೆಸರು ಕಾರಿನಿಂದ ಇಳಿಯುವ ಜಾಗ, ಅಷ್ಟೇ. ಕಾರು ಎರಡು ನಿಮಿಷ ಜಾಸ್ತಿ ನಿಂತರೆ ಸೀಟಿ ಊದುತ್ತಾರೆ.

ಆ ಬಾಗಿಲಿನ ಮುಂದೆ ಒಂದು ಗಂಟೆ ನಿಂತರೆ ಏನೇನು ಕಾಣುತ್ತದೆ ಗೊತ್ತಾ? ಸೂಟ್‌ಕೇಸ್ ನೆಲದ ಮೇಲೆ ಬಿಚ್ಚಿಕೊಂಡು ಎರಡು ಕೆಜಿ ಇಳಿಸುವ ಪಂಚಾಯಿತಿ. ಚಟ್ನಿಪುಡಿ ಇರಲಿ, ಸ್ವೆಟರ್ ತೆಗಿ. ಬೇಡ ಬೇಡ, ಸ್ವೆಟರ್ ಮೈಮೇಲೆ ಹಾಕ್ಕೊ. ಗಾಜಿಗೆ ಮೂಗು ಒತ್ತಿ ನಿಂತ ಅಮ್ಮ, ಒಳಗೆ ಚೆಕ್‌ಇನ್ ಸಾಲಿನಲ್ಲಿ ಮಗ ಎಲ್ಲಿವರೆಗೆ ಹೋದ ಅಂತ ಅಪ್ಪನಿಗೆ ವರದಿ ಒಪ್ಪಿಸುತ್ತಿರುತ್ತಾಳೆ. 'ಬ್ಯಾಗ್ ಕೊಟ್ಟ... ಈಗ ತಿರುಗಿದ... ಏ, ಕೈ ಬೀಸ್ತಾ ಇದ್ದಾನೆ ನೋಡ್ರೀ!' ಕೈ ಬೀಸಿದವನು ಬೇರೆ ಯಾರೋ. ಒಳಗೆ ಅವನು ಸೆಕ್ಯುರಿಟಿ ದಾಟುವವರೆಗೆ ಇವರು ಹೊರಡುವುದಿಲ್ಲ, 'ದಾಟಿದೆ' ಅಂತ ಫೋನ್ ಬಂದ ಮೇಲೂ 'ವಿಮಾನ ಹತ್ತಲಿ ತಡಿ' ಅಂತ ಇನ್ನರ್ಧ ಗಂಟೆ. ಇಷ್ಟೂ ನಿಂತುಕೊಂಡೇ. ಬೆಂಗಳೂರಿನಲ್ಲಿ ಹೊರಗೆ ಕ್ವಾಡ್ ಅಂತ ಒಂದು ಅಂಗಳ ಇದೆ, ತಿಂಡಿ ಕಾಫಿ ಸಿಗುತ್ತದೆ, ಕೂರಬಹುದು, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಅಲ್ಲಿ ಕೂತರೆ ಮಗ ಕಾಣುವುದಿಲ್ಲವಲ್ಲ! ಕಳಿಸೋಕೆ ಬಂದವರಿಗೆ ಬೇಕಾದ್ದು ಕಾಫಿ ಅಲ್ಲ, ಒಳಗೆ ಹೋದವರು ಕಾಣುವಂಥ ಒಂದು ಗಾಜು ಮತ್ತು ಅದರ ಮುಂದೆ ಒಂದು ಕಟ್ಟೆ. ನಮ್ಮೂರಿನ ಅರಳಿಕಟ್ಟೆ ಕಟ್ಟಿದವರಿಗೆ ಗೊತ್ತಿದ್ದ ವಿಷಯ ಇದು.

ಈ ವಿಷಯದಲ್ಲಿ ಮಂಗಳೂರಿನ ಬಜ್ಪೆಯಲ್ಲಿ ನಿಂತು ನೋಡಬೇಕು, ಗಲ್ಫ್ ವಿಮಾನಗಳ ಹೊತ್ತಿನಲ್ಲಿ. ಅರ್ಧ ಊರೇ ಹೊರಗೆ ಇರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಒಂದು ಅನುಕೂಲ, ಎಲ್ಲವೂ ಹತ್ತಿರ. ಶಿವಮೊಗ್ಗದಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣದ ಟರ್ಮಿನಲ್ ಕಮಲದ ಆಕಾರದಲ್ಲಿದೆಯಂತೆ. ಹೌದು, ಮೇಲಿನಿಂದ ತೆಗೆದ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗೆ ಕೂತವರಿಗೆ ಅದು ಕಮಲವೋ ಗುಲಾಬಿಯೋ, ಏನು ತಿಳಿಯಬೇಕು? ನಮ್ಮಲ್ಲಿ ಏರ್‌ಪೋರ್ಟ್ ಕಟ್ಟುವಾಗ ಹದ್ದಿನ ಕಣ್ಣಿಗೆ ಕಾಣುವುದಕ್ಕೆ ಇರುವ ಕಾಳಜಿ ಕೂತವರ ಬೆನ್ನಿಗೆ ಇಲ್ಲ.

ಇನ್ನು ನಮ್ಮ ಚಿಕ್ಕಮ್ಮನ ವಿಷಯ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತು. ಒಬ್ಬರೇ, ಮೊದಲ ಸಲ, ಮಧ್ಯೆ ಒಂದು ಕಡೆ ವಿಮಾನ ಬದಲಿಸಬೇಕು. ಮಗಳು ಟಿಕೆಟ್ ಮಾಡುವಾಗ ವೀಲ್‌ಚೇರ್ ಹಾಕಿಸಿದಳು. ಚಿಕ್ಕಮ್ಮ ಗರಂ. 'ನಂಗೇನ್ ಕಾಲಿಲ್ವೇನೋ? ದಿನಾ ತೋಟಕ್ಕೆ ನಡ್ಕೊಂಡು ಹೋಗಿ ಬರ್ತೀನಿ, ಗಾಡೀಲಿ ಕೂರಿಸ್ತೀರಲ್ಲ!' ನಿಜ, ಅವರಿಗೆ ಕಾಲು ನೋವಿಲ್ಲ. ಆದರೆ ಇಂಗ್ಲಿಷ್ ಬೋರ್ಡ್ ಓದಿ, ಬಿ ಗೇಟಿನಿಂದ ಸಿ ಗೇಟಿಗೆ ರೈಲಿನಲ್ಲಿ ಹೋಗಿ, ಮತ್ತೆ ಸೆಕ್ಯುರಿಟಿ ಮುಗಿಸುವುದು ಆಗದ ಕೆಲಸ. ಬೇಕಿದ್ದದ್ದು ಜೊತೆಗೆ ಬರುವ ಒಬ್ಬ ಮನುಷ್ಯ. ಮನುಷ್ಯ ಬೇಕು ಅಂದರೆ ಕುರ್ಚಿಯಲ್ಲಿ ಕೂರಬೇಕು, ವ್ಯವಸ್ಥೆ ಇರುವುದೇ ಹಾಗೆ. ಭಾರತಕ್ಕೆ ಬರುವ, ಇಲ್ಲಿಂದ ಹೋಗುವ ವಿಮಾನಗಳಲ್ಲಿ ಸಾಲು ಸಾಲು ವೀಲ್‌ಚೇರ್ ನೋಡಿ ಜನ ನಗುತ್ತಾರೆ, ಇಳಿಯುವಾಗ ಎಲ್ಲರಿಗೂ ಕಾಲು ಬಂತು ಅಂತ ಜೋಕು ಮಾಡುತ್ತಾರೆ. ನನಗೆ ನಗು ಬರುವುದಿಲ್ಲ. ದಾರಿ ತೋರಿಸುವ ಕೆಲಸವನ್ನು ಕಟ್ಟಡ ಮಾಡದೆ ಇದ್ದಾಗ ಗಾಲಿಕುರ್ಚಿ ಮಾಡುತ್ತಿದೆ, ಅಷ್ಟೇ. ನಿಜವಾಗಿ ನಡೆಯಲಾಗದವರಿಗೆ ಅದರಿಂದ ಕುರ್ಚಿ ಸಿಗುವುದು ತಡವಾಗುತ್ತದೆ ಅನ್ನೋದೂ ಅಷ್ಟೇ ನಿಜ.

ಮಧ್ಯದ ನಿಲ್ದಾಣದಲ್ಲಿ, ಹೆಸರು ಬೇಡ, ಚಿಕ್ಕಮ್ಮನನ್ನು ತಳ್ಳಿಕೊಂಡು ಬಂದ ಹುಡುಗ ಒಂದು ಮೂಲೆಯಲ್ಲಿ ನಿಲ್ಲಿಸಿ ಹೋದನಂತೆ. ಅಲ್ಲಿ ಆಗಲೇ ಇಂಥದ್ದೇ ಹತ್ತಾರು ಕುರ್ಚಿಗಳು, ಎಲ್ಲರ ತೊಡೆಯ ಮೇಲೂ ಪಾಸ್‌ಪೋರ್ಟ್ ಇರುವ ಪ್ಲಾಸ್ಟಿಕ್ ಕವರ್. ಎದ್ದು ಬಾತ್‌ರೂಮಿಗೆ ಹೋಗೋಣ ಅಂದರೆ ಅಷ್ಟರಲ್ಲಿ ಹುಡುಗ ಬಂದು ಕುರ್ಚಿ ಖಾಲಿ ನೋಡಿ ಹೋಗಿಬಿಟ್ಟರೆ? ಗಂಟೆಗಟ್ಟಲೆ ಅಲ್ಲಾಡದೆ ಕೂತಿದ್ದಾರೆ. ನೀರೂ ಕುಡಿದಿಲ್ಲ, ಕುಡಿದರೆ ಮತ್ತೆ ಅದೇ ತೊಂದರೆ. ಪಕ್ಕದ ಕುರ್ಚಿಯಲ್ಲಿದ್ದ ತೆಲುಗು ಹೆಂಗಸಿಗೆ ಕೋಡುಬಳೆ ಕೊಟ್ಟು, ಅವರಿಂದ ಅರಿಸೆಲು ತಗೊಂಡು, ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡು, ಸರದಿಯಲ್ಲಿ ಒಬ್ಬರ ಕುರ್ಚಿ ಇನ್ನೊಬ್ಬರು ಕಾಯ್ದು ಕೊನೆಗೆ ಬಾತ್‌ರೂಮಿಗೆ ಹೋಗಿ ಬಂದರಂತೆ. ಎದುರಿಗೇ ಗಾಜಿನ ದೊಡ್ಡ ದೊಡ್ಡ ಅಂಗಡಿಗಳು. ಮೂಲೆಯಲ್ಲಿ ಒಂದು ಗಡಿಯಾರವೂ ಇರಲಿಲ್ಲ ಅಂತ ಚಿಕ್ಕಮ್ಮ ಇವತ್ತಿಗೂ ಹೇಳುತ್ತಾರೆ.

ಇದಕ್ಕೆ ಸೇರಿಕೊಂಡದ್ದು ಸದ್ದಿಲ್ಲದ ಏರ್‌ಪೋರ್ಟ್ ಅನ್ನುವ ಹೊಸ ಪದ್ಧತಿ. ಮುಂಬೈ, ಚೆನ್ನೈ ಹೀಗೆ ಹಲವು ಕಡೆ ಮೈಕಿನಲ್ಲಿ ಕೂಗಿ ಕರೆಯುವುದನ್ನು ಕಡಿಮೆ ಮಾಡಿದ್ದಾರೆ. ಓದಬಲ್ಲವರಿಗೆ ಇದು ವರ, ನನಗೂ ಇಷ್ಟ. ನೂರು ಸಲ ಕೂಗುವ ಗಲಾಟೆ ಯಾರಿಗೆ ಬೇಕು? ಆದರೆ ಬೋರ್ಡ್ ಓದಲಾಗದ, ಕಣ್ಣು ಮಂಜಾದ ಹಿರಿಯರಿಗೆ ಆ ಕೂಗೇ ಆಧಾರವಾಗಿತ್ತು. ಸದ್ದು ತೆಗೆದ ಮೇಲೆ ಅದರ ಜಾಗಕ್ಕೆ ಇನ್ನೇನಾದರೂ ಇಡಬೇಕಲ್ವಾ? ಕನ್ನಡ ಗೊತ್ತಿರುವ ಒಬ್ಬರು ಗೇಟಿನ ಸಾಲಿನಲ್ಲಿ ಓಡಾಡಿಕೊಂಡು 'ನಿಮ್ಮದು ಯಾವ ವಿಮಾನ ಅಮ್ಮಾ?' ಅಂತ ಕೇಳಿದರೂ ಸಾಕು.

ಇದೆಲ್ಲ ಮಾಡೋಕಾಗದ್ದೇನಲ್ಲ, ಮಾಡಿದವರಿದ್ದಾರೆ. ಸಿಂಗಪುರದ ಚಾಂಗಿಯಲ್ಲಿ ಕಾಲು ಚಾಚಿ ಒರಗುವ ಕುರ್ಚಿಗಳ ಜಾಗ ಇದೆ, ದುಡ್ಡಿಲ್ಲ. ಬಿಟ್ಟಿ ಸಿನಿಮಾ ಇದೆ, ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟ ಇದೆ. 2019ರಲ್ಲಿ ಅಲ್ಲೇ ತೆರೆದ ಜುವೆಲ್ ಅನ್ನುವ ಕಟ್ಟಡದ 40 ಮೀಟರ್ ಜಲಪಾತ ಎಲ್ಲರೂ ನೋಡಿರುತ್ತೀರಿ, ಫೋಟೋದಲ್ಲಾದರೂ. ಅದು ಇರುವುದು ಸೆಕ್ಯುರಿಟಿಯ ಹೊರಗೆ, ಕಳಿಸೋಕೆ ಬಂದವರೂ ಊರಿನವರೂ ಹೋಗಿ ಕೂರುವ ಕಡೆ. ಜಲಪಾತಕ್ಕಿಂತ ನನಗೆ ಹಿಡಿಸಿದ್ದು ಈ ಯೋಚನೆ. ಸೋಲ್‌ನ ಇಂಚಾನ್‌ನಲ್ಲಿ ವಿಮಾನ ಬದಲಿಸುವವರಿಗೆ ಸ್ನಾನಕ್ಕೂ ನಿದ್ದೆಗೂ ಏರ್ಪಾಡು ಇದೆ. ಈ ಊರುಗಳಲ್ಲೂ ಅಂಗಡಿ ಕಡಿಮೆ ಏನಲ್ಲ, ಧಾರಾಳವಾಗಿ ದುಡಿಯುತ್ತಾರೆ.

ನಮ್ಮಲ್ಲೂ ಗೊಣಗಿದರೆ ಕೆಲಸ ಆಗುತ್ತದೆ ಅನ್ನೋದಕ್ಕೆ ಚಹಾ ಸಾಕ್ಷಿ. ಏರ್‌ಪೋರ್ಟ್ ತಿಂಡಿಯ ಬೆಲೆ ಬಗ್ಗೆ ಜನ ವರ್ಷಗಟ್ಟಲೆ ಬೈದರು, ಮಾತು ಸಂಸತ್ತಿಗೂ ಹೋಯಿತು. 2024ರ ಡಿಸೆಂಬರ್‌ನಲ್ಲಿ ಕೋಲ್ಕತಾದಲ್ಲಿ ಉಡಾನ್ ಯಾತ್ರಿ ಕೆಫೆ ಅಂತ ತೆರೆದರು, ಚಹಾ 10 ರೂಪಾಯಿ, ಸಮೋಸ 20. ಮರುವರ್ಷ ಚೆನ್ನೈಗೂ ಬಂತು. ಅಂದಹಾಗೆ, ವಿಮಾನ ತಡವಾದರೆ ಕೇಳಿ ಪಡೆಯುವ ಹಕ್ಕು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡೂವರೆ ಗಂಟೆಯೊಳಗಿನ ಪ್ರಯಾಣದ ವಿಮಾನ ಎರಡು ಗಂಟೆ ತಡವಾದರೆ ವಿಮಾನ ಕಂಪನಿ ತಿಂಡಿ ಊಟ ಕೊಡಬೇಕು ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಆರು ಗಂಟೆಗಿಂತ ಜಾಸ್ತಿ ಆದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ದುಡ್ಡು ವಾಪಸ್. ಕೌಂಟರಿಗೆ ಹೋಗಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಂದು ಕೊಡುವುದಿಲ್ಲ.

ಅಪ್ಪ ಅಮ್ಮನನ್ನು ಒಬ್ಬೊಬ್ಬರೇ ಕಳಿಸುವವರಿಗೆ, ಚಿಕ್ಕಮ್ಮನ ಅನುಭವದ ಮೇಲೆ ಒಂದೆರಡು ಮಾತು. ಎರಡು ವಿಮಾನಗಳ ಮಧ್ಯೆ ಒಂದೂವರೆ ಗಂಟೆ ಇರುವ ಟಿಕೆಟ್ ಅಗ್ಗವಾಗಿದ್ದರೂ ತೆಗೆಯಬೇಡಿ, ಹತ್ತು ಗಂಟೆ ಇರುವುದನ್ನೂ ಬೇಡ. ಮೂರು ನಾಲ್ಕು ಗಂಟೆ ಸಾಕು. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಡಿ: ನನಗೆ ಇಂಗ್ಲಿಷ್ ಬರುವುದಿಲ್ಲ, ಇದು ನನ್ನ ಮುಂದಿನ ವಿಮಾನ, ಇದು ಮಗಳ ನಂಬರ್. ಹಿಂಭಾಗದಲ್ಲಿ 'ಬಾತ್‌ರೂಮಿಗೆ ಹೋಗಬೇಕು' ಅಂತ ಇನ್ನೊಂದು ಸಾಲು. ಕೈಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿ, ಮಧ್ಯದ ಊರಿನಲ್ಲಿ ಎಷ್ಟು ಗಂಟೆ ಹಿಂದೆ ಮುಂದೆ ಮಾಡಬೇಕು ಅಂತ ಮನೆಯಲ್ಲೇ ಒಂದು ಸಲ ಮಾಡಿ ತೋರಿಸಿ. ಕೋಡುಬಳೆ ಇಬ್ಬರಿಗಾಗುವಷ್ಟು ಕಟ್ಟಿ.